ಕೀಳದೆ ಬಿಟ್ಟ ವೈರ್

"ದುಡ್ಡು ಕೊಡ್ತೀನಿ ಅಂದ್ರೂ ಬೇಡ ಅನ್ನೋ ಅಂಗಡಿಯವರನ್ನ ಇವತ್ತೇ ನೋಡಿದ್ದು ನಾನು!"

ಪೂಂಗೊಡಿ ಕದಿರವನ್‌ಗೆ ಹೇಳಿದ ಮೊದಲ ಮಾತು ಇದು. ಕಂಪ್ಯೂಟರ್ ಅಂಗಡಿಗಳ ಬೀದಿ ರಿಚಿ ಸ್ಟ್ರೀಟಿನಲ್ಲಿ ಅವನು ಕೆಲಸ ಮಾಡುವ ಮೊದಲ ಮಹಡಿಯ ಅಂಗಡಿಯಲ್ಲಿ ಶನಿವಾರ ಮಧ್ಯಾಹ್ನ ಕಾಲಿಡಲು ಜಾಗವಿರುವುದಿಲ್ಲ. ಅಂಥ ನೂಕುನುಗ್ಗಲಿನಲ್ಲಿ ಕೌಂಟರಿಗೆ ಮೊಣಕೈ ಊರಿ ನಿಂತು, ಚೀಟಿಯಲ್ಲಿ ಬರೆದು ತಂದಿದ್ದ ಹೆಸರನ್ನು ಬೆರಳಿನಿಂದ ಕುಟ್ಟಿ ಕುಟ್ಟಿ ತೋರಿಸುತ್ತಿದ್ದಳು.

"ಮೇಡಂ, ನೀವು ಕೇಳ್ತಿರೋದು ಚೂಯಿಂಗ್ ಗಮ್ ಪಟ್ಟಿ ಥರ ಇರುತ್ತಲ್ಲ, ಫೈಲ್ ಇಡೋ ಆ ಎಸ್ಎಸ್‌ಡಿ. ಅದನ್ನ ಕೂರಿಸೋಕೆ ಮದರ್‌ಬೋರ್ಡಲ್ಲಿ ಜಾಗ ಬೇಕು. ನಿಮ್ಮದು ಹನ್ನೆರಡು ವರ್ಷದ ಬೋರ್ಡು. ಅದರಲ್ಲಿ ಆ ಜಾಗಾನೇ ಇಲ್ಲ."

"ಯೂಟ್ಯೂಬಲ್ಲಿ ಇದೇ ಬೆಸ್ಟ್ ಅಂದ್ರು."

"ಅವರೇನು ನಿಮ್ಮನೆಗೆ ಬಂದು ಬೋರ್ಡ್ ನೋಡಿದಾರಾ?"

ಅವಳು ಕಣ್ಣೆತ್ತಿ ನೋಡಿದಳು. ಬೈಯುತ್ತಾಳೆ ಅಂದುಕೊಂಡ ಕದಿರ್. ಆದರೆ ಅವಳ ಹುಬ್ಬು ಮೊದಲು ಗಂಟಿಕ್ಕಿ, ಆಮೇಲೆ ಒಂದೇ ಒಂದು ಹುಬ್ಬು ಮೇಲೇರಿ, ಕೊನೆಗೆ ತುಟಿಯ ಒಂದು ಮೂಲೆಯಲ್ಲಿ ನಗು ಬಂದು ನಿಂತಿತು. ಪಾಪ, ಮೂವತ್ತನಾಲ್ಕು ವರ್ಷದ ಆಸಾಮಿ, ಹನ್ನೊಂದು ವರ್ಷದಿಂದ ಆ ಸ್ಟೂಲಿನ ಮೇಲೆ ಕೂತು ಸಾವಿರಾರು ಮುಖ ನೋಡಿದವನು, ಆ ನಗುವಿಗೆ ಸ್ಕ್ರೂಡ್ರೈವರ್ ಕೈಯಿಂದ ಬೀಳಿಸಿಕೊಂಡ.

"ಹಾಗಾದ್ರೆ ನನ್ನ ಕಂಪ್ಯೂಟರ್‌ಗೆ ಯಾವುದು ಆಗುತ್ತೆ, ನೀವೇ ಹೇಳಿ ಸಾರ್."

ಅವಳು ಪೆರಂಬೂರಿನ ಮನೆಯಲ್ಲಿ ಕೂತು ಕಾಲೇಜಿನವರ ಥೀಸಿಸ್‌ಗಳನ್ನು ಟೈಪ್ ಮಾಡಿಕೊಡುತ್ತಿದ್ದಳು. ಮನೆಯಲ್ಲಿ ಅವಳು, ಅವಳ ಅಮ್ಮ, ಮತ್ತು ಬೆಳಿಗ್ಗೆ ಬಟನ್ ಒತ್ತಿದರೆ ಕಾಫಿ ಕುಡಿದು ಲೋಟ ತೊಳೆದಿಟ್ಟ ಮೇಲೆ ಏಳುವ ಒಂದು ಕಂಪ್ಯೂಟರ್. ಅದರೊಳಗಿನ ಹಳೆಯ ಹಾರ್ಡ್‌ಡಿಸ್ಕ್ ಆಗಾಗ ಕಟಕಟ ಅನ್ನುತ್ತಿತ್ತು. ಅದರ ಆಯುಷ್ಯ ಮುಗಿಯುತ್ತ ಬಂದಿದೆ, ಕಂಪ್ಯೂಟರನ್ನು ನಡೆಸುವ ಓಎಸ್ಸನ್ನು ಹೊಸ ಎಸ್ಎಸ್‌ಡಿಗೆ ಹಾಕಿಸಿಬಿಡಿ, ಅಗಲದ ಚಪ್ಪಟೆ ಡಬ್ಬಿಯಂಥದ್ದು ಸಾಕು, ಅದಕ್ಕೆ ನಿಮ್ಮ ಬೋರ್ಡಲ್ಲಿ ವೈರ್ ಇದೆ ಎಂದು ಕದಿರ್ ವಿವರಿಸಿದ. ಮೂರು ಕಂಪನಿಯದನ್ನು ಕೌಂಟರಿನ ಮೇಲೆ ಸಾಲಾಗಿ ಇಟ್ಟ.

ಅವಳು ಮೂರನ್ನೂ ಎತ್ತಿ, ತಿರುಗಿಸಿ, ತೂಗಿ ನೋಡಿದಳು. "ಯೋಚನೆ ಮಾಡಿ ಮುಂದಿನ ಶನಿವಾರ ಬರ್ತೀನಿ" ಎಂದು ಹೊರಟುಹೋದಳು.

ಬಂದಳು! ಹಾಗೆ ಹೇಳಿ ಹೋದವರು ಆ ಬೀದಿಗೆ ಯಾರೂ ತಿರುಗಿ ಬರುವುದಿಲ್ಲ, ಪಕ್ಕದ ಅಂಗಡಿಯಲ್ಲಿ ಐವತ್ತು ರೂಪಾಯಿ ಕಡಿಮೆಗೆ ತಗೊಂಡು ಮನೆ ಸೇರಿರುತ್ತಾರೆ. ಇವಳು ಬಂದಳು. ಇನ್ನೂರ ನಲವತ್ತು ಜಿಬಿ ಸಾಕಾ, ಐನೂರು ಬೇಕಾ ಎಂದು ಕೇಳಿದಳು.

"ಓಎಸ್ಸಿಗೆ ಇನ್ನೂರ ನಲವತ್ತು ಧಾರಾಳ. ಆದ್ರೆ ನಿಮ್ಮ ಥೀಸಿಸ್‌ಗಳಿದಾವಲ್ಲ. ಎಸ್ಎಸ್‌ಡಿ ಪೂರ್ತಿ ತುಂಬಿದ್ರೆ ಏದುಸಿರು ಬಿಡುತ್ತೆ. ಸ್ವಲ್ಪ ಖಾಲಿ ಜಾಗ ಇದ್ರೆ ಚೆನ್ನಾಗಿ ಬಾಳುತ್ತೆ."

"ನಮ್ಮಮ್ಮ ಊಟದ ಬಗ್ಗೆ ಇದನ್ನೇ ಹೇಳ್ತಾರೆ."

ಮೂರನೇ ಶನಿವಾರ ವಾರಂಟಿ ಮೂರು ವರ್ಷದ್ದಾ ಐದು ವರ್ಷದ್ದಾ ಎಂಬ ಚರ್ಚೆ ನಡೆಯಿತು. ನಾಲ್ಕನೇ ಶನಿವಾರ, ಅದರೊಳಗೆ ಎಷ್ಟು ಬರೆದರೆ ಅದು ಸವೆಯುತ್ತದೆ ಎಂದು ಕೇಳಿದಳು. ಆ ದಿನ ಅಮ್ಮ ಮಾಡಿದ, ಚಕ್ಕುಲಿಯಂಥ ಮುರುಕ್ಕು ತಂದಿದ್ದಳು.

"ದಿನಕ್ಕೆ ಒಂದು ಥೀಸಿಸ್ ಬರೆದ್ರೂ ಅದು ಸವೆಯೋ ಹೊತ್ತಿಗೆ ನಿಮಗೆ ಮೊಮ್ಮಕ್ಕಳಾಗಿರ್ತಾರೆ ಮೇಡಂ."

"ಮೊಮ್ಮಕ್ಕಳಾ? ಅದಕ್ಕೆ ಮುಂಚೆ ಆಗಬೇಕಾದ್ದು ಎಷ್ಟೊಂದಿದೆ ಸಾರ್" ಎಂದಳು. ಹೇಳಿ ಮುಗಿಸಿದ ಮೇಲೆ ತನ್ನ ಮಾತು ತನಗೇ ಕೇಳಿಸಿದಂತೆ ಮುರುಕ್ಕಿನ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

ಅಂಗಡಿಯ ಮಾಲೀಕ ಕಮಾಲ್ ಭಾಯ್ ಮೂಲೆಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಅವಳು ಮೆಟ್ಟಿಲಿಳಿದದ್ದೇ ಶುರು ಹಚ್ಚಿಕೊಂಡರು.

"ಲೋ ಕದಿರ್, ಗಂಡು ನೋಡೋಕೆ ಬಂದೋರೂ ಇಷ್ಟು ಪ್ರಶ್ನೆ ಕೇಳಲ್ಲ ಕಣೋ. ಆ ಹುಡುಗಿ ನೋಡ್ತಿರೋದು ಎಸ್ಎಸ್‌ಡಿನಾ, ನಿನ್ನನ್ನಾ?"

"ಸುಮ್ನಿರಿ ಭಾಯ್."

"ನಾನೇನೋ ಸುಮ್ನಿರ್ತೀನಿ. ನೀನು ಸುಮ್ನಿದ್ರೆ ಕೆಟ್ಟೆ. ಬಾಯಿ ಬಿಟ್ಟು ಕೇಳು."

ಬಾಯಿ ಬಿಟ್ಟು ಕೇಳು! ಕದಿರ್‌ಗೆ ಕೇಳಲು ಬಾರದ್ದು ಅದೊಂದೇ. ಗಿರಾಕಿಯ ಹತ್ತಿರ ಗಂಟೆಗಟ್ಟಲೆ ಹರಟುವವನಿಗೆ, ಒಂದು ಹೆಣ್ಣಿಗೆ 'ನನಗೆ ನೀವಂದ್ರೆ ಇಷ್ಟ' ಅನ್ನುವ ಮೂರು ಪದ ಹೇಳಬೇಕಾದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಭಾನುವಾರದಿಂದ ಶುಕ್ರವಾರದವರೆಗೆ ಆ ಮಾತನ್ನು ಕನ್ನಡಿಯ ಮುಂದೆ ಹೇಳಿ ಅಭ್ಯಾಸ ಮಾಡುತ್ತಿದ್ದ. ಶನಿವಾರ ಬಂದರೆ ಬಾಯಿಂದ ಬರುತ್ತಿದ್ದದ್ದು ಬರೀ ವಾರಂಟಿ.

ಐದನೇ ಶನಿವಾರ ಅವಳು ಐನೂರು ಜಿಬಿಯದನ್ನು ಆರಿಸಿದಳು.

"ನಾಳಿದ್ದು ಸೋಮವಾರ ಆಟೋದಲ್ಲಿ ಕಂಪ್ಯೂಟರ್ ಪೆಟ್ಟಿಗೆ ತರ್ತೀನಿ, ಹಾಕ್ಕೊಡಿ. ಮುಂದಿನ ತಿಂಗಳು ಹನ್ನೆರಡರ ಒಳಗೆ ಎಲ್ಲಾ ರೆಡಿ ಇರಬೇಕು."

"ಹನ್ನೆರಡಕ್ಕೆ ಏನು ಮೇಡಂ?"

ಅವಳ ಕೆನ್ನೆ ಕೆಂಪಾಯಿತು. "ಈಗ ಹೇಳಲ್ಲ. ನಮ್ಮಮ್ಮನೂ ಯಾರಿಗೂ ಹೇಳಬೇಡ, ದೃಷ್ಟಿ ತಾಗುತ್ತೆ ಅಂದಿದಾರೆ. ಆದಮೇಲೆ ನಾನೇ ಬಂದು ಹೇಳ್ತೀನಿ. ನನ್ನ ಬದುಕೇ ಬದಲಾಗೋ ವಿಷಯ, ಅಷ್ಟು ಮಾತ್ರ ಹೇಳಬಲ್ಲೆ."

ಅವಳು ಹೋದ ಮೇಲೆ ಕದಿರ್ ಕ್ಯಾಲೆಂಡರ್ ನೋಡಿದ. ಹನ್ನೆರಡು ಭಾನುವಾರ. ಎರಡು ಮದುವೆ ಮಂಟಪದವರು ಅದೇ ದಿನಕ್ಕೆ ಸ್ಪೀಕರ್ ವೈರ್ ಬೇಕೆಂದು ಹೇಳಿಟ್ಟಿದ್ದರು. ಒಳ್ಳೆಯ ಮುಹೂರ್ತವಂತೆ. ಇನ್ನೇನು ಬೇಕು? ದೃಷ್ಟಿ ತಾಗುವ ವಿಷಯ, ಅಮ್ಮ ಮುಚ್ಚಿಟ್ಟ ವಿಷಯ, ಬದುಕು ಬದಲಾಗುವ ವಿಷಯ. ಎರಡಕ್ಕೆ ಎರಡು ಕೂಡಿಸಿದ, ನಾಲ್ಕಾಯಿತು ಅಂದುಕೊಂಡ. ಅವಳಿಗೆ ಗಂಡು ಗೊತ್ತಾಗಿದೆ.

ಸೋಮವಾರ ಅವಳು ಪೆಟ್ಟಿಗೆ ತಂದಳು. ಅಂಗಡಿ ಖಾಲಿಯಿತ್ತು. ಅವನ ಪಕ್ಕದ ಸ್ಟೂಲಿನಲ್ಲೇ ಕೂತು, ಕೆನ್ನೆಗೆ ಕೈ ಹಚ್ಚಿ, ಅವನ ಬೆರಳುಗಳು ಕೆಲಸ ಮಾಡುವುದನ್ನು ನೋಡುತ್ತಿದ್ದಳು. ಮುಡಿದಿದ್ದ ಮಲ್ಲಿಗೆ ಅವಳು ಬಗ್ಗಿದಾಗಲೆಲ್ಲ ಘಮ್ ಅನ್ನುತ್ತಿತ್ತು.

ಭಾಯ್ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು. ಹೊಸ ಡ್ರೈವಿಗೆ ಓಎಸ್ ಹಾಕುವ ಮುಂಚೆ ಹಳೆಯ ಡಿಸ್ಕಿನ ವೈರ್ ಕಿತ್ತು ಪಕ್ಕಕ್ಕಿಡಬೇಕು. ಕೀಳದಿದ್ದರೆ ಓಎಸ್ ಹೊಸದರಲ್ಲಿ ಕೂತರೂ, ಕಂಪ್ಯೂಟರನ್ನು ಎಬ್ಬಿಸುವ ಪುಟ್ಟ ಭಾಗ ಮಾತ್ರ ಹೋಗಿ ಹಳೆಯದರಲ್ಲಿ ಕೂರುವುದುಂಟು. ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ, ಎಲ್ಲ ಸರಿಯಾಗಿ ಓಡುತ್ತಿರುತ್ತದೆ. ಆದರೆ ಹಳೆಯ ಡಿಸ್ಕ್ ಸತ್ತ ದಿನ ಹೊಸದೂ ಏಳುವುದಿಲ್ಲ. ಬೀದಿಯಲ್ಲಿ ಕೆಲವರು ಬೇಕೆಂದೇ ಹಾಗೆ ಮಾಡುತ್ತಾರೆಂದು, ಗಿರಾಕಿ ಮತ್ತೆ ಬರಲೆಂದು, ಭಾಯ್ ಉಗಿಯುತ್ತಿದ್ದರು. ಇದನ್ನೆಲ್ಲ ಕದಿರ್ ಯಾವುದೋ ಶನಿವಾರ ಅವಳಿಗೇ ದೊಡ್ಡ ಪಂಡಿತನಂತೆ ಹೇಳಿಕೊಟ್ಟಿದ್ದ.

ಈಗ ಅವನ ಬೆರಳು ಆ ಹಳೆಯ ಡಿಸ್ಕಿನ ಕೆಂಪು ವೈರಿನ ತನಕ ಹೋಯಿತು. ಅಲ್ಲೇ ನಿಂತಿತು.

ಇದನ್ನು ಕಿತ್ತರೆ ಇವಳ ಕಂಪ್ಯೂಟರ್ ಹತ್ತು ವರ್ಷ ಕೆಡುವುದಿಲ್ಲ. ಹತ್ತು ವರ್ಷ ಇವಳು ಈ ಮೆಟ್ಟಿಲು ಹತ್ತುವುದಿಲ್ಲ. ಬಿಟ್ಟರೆ ಐದಾರು ತಿಂಗಳಿಗೆ ಹಳೆಯದು ಕಣ್ಣು ಮುಚ್ಚುತ್ತದೆ. ಆಗ ಇವಳು ಯಾರ ಹೆಂಡತಿಯಾಗಿದ್ದರೇನು, ಒಂದು ಫೋನಾದರೂ ಮಾಡುತ್ತಾಳೆ. ಹೋಗಿ ಹತ್ತು ನಿಮಿಷದಲ್ಲಿ ಸರಿಮಾಡಿ, ಒಂದು ಸಲ ಮುಖ ನೋಡಿ ಬಂದರಾಯಿತು. ಯಾರಿಗೇನು ನಷ್ಟ?

"ಸಾರ್, ಅದನ್ನ ಕೀಳಬೇಕು ಅಂತ ನೀವೇ ಹೇಳಿದ್ರಲ್ಲ?"

"ನಾನಿದೀನಲ್ಲ ಮೇಡಂ" ಎಂದ. "ಅದು ಗೊತ್ತಿಲ್ಲದೋರಿಗೆ."

ಅವಳು ನಂಬಿ ತಲೆಯಾಡಿಸಿದಳು. ಹಳೆಯ ಥೀಸಿಸ್‌ಗಳನ್ನೆಲ್ಲ ಅವನು ಹೊಸದಕ್ಕೂ ನಕಲು ಮಾಡಿಕೊಟ್ಟ. ಬಟನ್ ಒತ್ತಿದರೆ ಹತ್ತೇ ಸೆಕೆಂಡಿನಲ್ಲಿ ಪರದೆ ಬೆಳಗಿತು. ಅವಳು ಚಿಕ್ಕ ಮಗುವಿನಂತೆ ಚಪ್ಪಾಳೆ ತಟ್ಟಿದಳು. ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತು ಕೇಳಿದಳು.

"ಹಳೇದು ಒಳಗೇ ಇದೆಯಲ್ಲ. ನಾಳೆ ಅದು ಸತ್ತುಹೋದ್ರೆ?"

"ಹೋಗಲಿ ಬಿಡಿ. ಕಿತ್ತು ಬಿಸಾಕಿ. ನಿಮ್ಮ ಸಿಸ್ಟಂಗೆ ಏನೂ ಆಗಲ್ಲ."

ಅವಳು ನಕ್ಕು ಮೆಟ್ಟಿಲಿಳಿದಳು. ಸಂಜೆ ಭಾಯ್ "ಹಳೇ ವೈರ್ ಕಿತ್ತಿದ್ಯಾ?" ಎಂದು ಎಂದಿನಂತೆ ಕೇಳಿದಾಗಲೂ ಕದಿರ್ "ಹ್ಞೂಂ" ಎಂದ. ಆ ವಾರವಿಡೀ ಅವನ ಮನಸ್ಸು ಚುಚ್ಚುತ್ತಿತ್ತು. 'ಮೇಡಂ, ಪೆಟ್ಟಿಗೆ ಒಂದು ಸಲ ತನ್ನಿ, ಒಂದು ಕೆಲಸ ಉಳಿದಿದೆ' ಎಂದು ಎರಡು ಸಲ ಮೆಸೇಜ್ ಬರೆದ. ಎರಡು ಸಲವೂ ಅಳಿಸಿದ. ಮದುವೆ ಕೆಲಸದಲ್ಲಿರುವವಳಿಗೆ ಯಾಕೆ ತೊಂದರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಕಳ್ಳನಿಗೆ ನೆವಗಳಿಗೇನು ಬರವೇ?

ಹನ್ನೆರಡನೇ ತಾರೀಖು ಬೆಳಿಗ್ಗೆ ಎಂಟೂ ಇಪ್ಪತ್ತೈದಕ್ಕೆ ಅವನ ಫೋನ್ ರಿಂಗಾಯಿತು. ಪೂಂಗೊಡಿ. ತಿರುವಲ್ಲಿಕೇಣಿಯ ತನ್ನ ರೂಮಿನಲ್ಲಿ ಅರ್ಧ ಗಡ್ಡ ಹೆರೆದುಕೊಂಡು ನಿಂತಿದ್ದವನು, ತಾಳಿ ಕಟ್ಟುವ ಹೊತ್ತಿನಲ್ಲಿ ಈಕೆ ಯಾಕೆ ಫೋನ್ ಮಾಡುತ್ತಾಳೆ ಎಂದು ಗಾಬರಿಯಾದ.

"ಸಾರ್, ಕಂಪ್ಯೂಟರ್ ಏಳ್ತಾ ಇಲ್ಲ. ಹಳೇ ಡಿಸ್ಕ್ ರಾತ್ರಿಯಿಂದ ಕಟಕಟ ಅಂತಿತ್ತು, ಬೆಳಿಗ್ಗೆ ನಿಂತುಹೋಯ್ತು. ನೀವು ಹೇಳಿದ್ರಲ್ಲ ಅಂತ ಕಿತ್ತಿಟ್ಟೆ. ಈಗ ಬರೀ ಕಪ್ಪು ಪರದೆ. ಮತ್ತೆ ಹಾಕಿದ್ರೂ ಅದು ತಿರುಗ್ತಿಲ್ಲ. ಒಂಬತ್ತಕ್ಕೆ ನನ್ನ ಪರೀಕ್ಷೆ ಸಾರ್!"

"ಪರೀಕ್ಷೆನಾ?"

"ಯೂನಿವರ್ಸಿಟಿ ಪ್ರಕಟಣಾ ವಿಭಾಗದ ಕೆಲಸ. ಮನೆಯಿಂದಲೇ ಕ್ಯಾಮರಾ ಮುಂದೆ ಬರೀಬೇಕು. ನೋಂದಾಯಿಸಿದ ಕಂಪ್ಯೂಟರ್ ಬಿಟ್ಟು ಬೇರೆಯದರಲ್ಲಿ ತೆರೆಯಲ್ಲ. ಒಂಬತ್ತೂ ಕಾಲಿಗೆ ಬಾಗಿಲು ಮುಚ್ಚಿಬಿಡ್ತಾರೆ. ಸಾರ್, ಬರ್ತೀರಾ?"

ಮದುವೆಯಲ್ಲ. ಪರೀಕ್ಷೆ. ಕದಿರ್ ಮುಖದ ನೊರೆಯನ್ನು ತೋಳಿಗೆ ಒರೆಸಿಕೊಂಡು, ಬ್ಯಾಗ್ ಹೆಗಲಿಗೇರಿಸಿ ಬೈಕ್ ಹತ್ತಿದ.

ಆದರೆ ಒಳ್ಳೆಯ ಮುಹೂರ್ತದ ದಿನ ಪುರಸವಾಕ್ಕಂ ದಾಟುವುದೆಂದರೆ ಹುಡುಗಾಟವೇ? ಒಂದೊಂದು ಮಂಟಪದ ಮುಂದೆಯೂ ಹೂವಿನ ಕಾರು, ನಾದಸ್ವರ, ರೇಷ್ಮೆ ಸೀರೆಗಳ ಗುಂಪು. ಯಾರದೋ ಮದುವೆಯ ಜನ ರಸ್ತೆ ತುಂಬಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವನು ಹಾರ್ನ್ ಒತ್ತಿ ಒತ್ತಿ, ಬೈಸಿಕೊಂಡು, ಕೈ ಮುಗಿದು, ಗಲ್ಲಿಯಲ್ಲಿ ನುಗ್ಗಿ ಪೆರಂಬೂರು ಸೇರಿದಾಗ ಒಂಬತ್ತೂ ನಾಲ್ಕು.

ಅವಳು ಬಾಗಿಲಲ್ಲೇ ನಿಂತಿದ್ದಳು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಹಣೆಗೆ ವಿಭೂತಿ. ಅವನ ಅರ್ಧ ಗಡ್ಡ ನೋಡಿ ಆ ಆತಂಕದಲ್ಲೂ ಅವಳ ಕಣ್ಣು ಒಂದು ಕ್ಷಣ ಮೆದುವಾಯಿತು. "ಬಂದ್ರಲ್ಲ, ಸಾಕು" ಎಂದಳು.

ಕದಿರ್ ನೆಲದ ಮೇಲೆ ಕೂತ. ಪೆನ್‌ಡ್ರೈವ್ ಸಿಕ್ಕಿಸಿದ. ಎಬ್ಬಿಸುವ ಭಾಗವನ್ನು ಹೊಸ ಡ್ರೈವಿನಲ್ಲೇ ಬರೆಯಬೇಕಿತ್ತು, ಅಷ್ಟೇ. ಹನ್ನೊಂದು ವರ್ಷದಲ್ಲಿ ನೂರಾರು ಸಲ ಮಾಡಿದ ಕೆಲಸ. ಇವತ್ತು ಎರಡು ಸಲ ತಪ್ಪು ಒತ್ತಿದ. ಹಿಂದೆ ನಿಂತ ಅವಳ ಉಸಿರು ಅವನಿಗೆ ಕೇಳಿಸುತ್ತಿತ್ತು. ಪರದೆ ಬೆಳಗಿದಾಗ ಅದರ ಮೂಲೆಯ ಗಡಿಯಾರ ಒಂಬತ್ತೂ ಹದಿನೆಂಟು ತೋರಿಸಿತು.

ಆದರೂ ಅವಳು ಓಡಿ ಬಂದು ಕುರ್ಚಿಯಲ್ಲಿ ಕೂತು, ಹೆಸರು ಬರೆದು, ನಂಬರ್ ಬರೆದು, ಒತ್ತಿದಳು. ಪ್ರವೇಶದ ಸಮಯ ಮುಗಿದಿದೆ ಎಂದು ಒಂದು ಸಾಲು ಬಂತು. ಮತ್ತೆ ಒತ್ತಿದಳು. ಅದೇ ಸಾಲು. ಎಂಟು ಸಲ ಒತ್ತಿ ಕೈ ತೆಗೆದಳು.

ಅಮ್ಮ ಅಡುಗೆಮನೆಯಿಂದ ಕಾಫಿ ತಂದರು. ಮಗಳ ಮುಖ ನೋಡಿ ಲೋಟ ಮೇಜಿನ ಮೇಲಿಟ್ಟು, ಏನೂ ಕೇಳದೆ ಒಳಗೆ ಹೋದರು.

"ನವೆಂಬರಿಗೆ ನನಗೆ ಮೂವತ್ತೆರಡು ತುಂಬುತ್ತೆ" ಎಂದಳು ಪೂಂಗೊಡಿ ಪರದೆಯನ್ನೇ ನೋಡುತ್ತ. "ಆಮೇಲೆ ಅರ್ಜಿ ಹಾಕೋ ಹಾಗಿಲ್ಲ. ಮೂರು ವರ್ಷ ಓದಿದ್ದೆ."

ಕದಿರ್ ನೆಲದ ಮೇಲಿದ್ದ ಹಳೆಯ ಡಿಸ್ಕನ್ನೇ ನೋಡುತ್ತ ಕೂತಿದ್ದ.

ಅವಳೇ ಅವನ ಕಡೆ ತಿರುಗಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ಮೃದುವಾಗಿತ್ತು. "ನೀವು ಯಾಕೆ ಹಾಗೆ ಕೂತಿದೀರಿ ಸಾರ್? ನಿಮ್ಮ ತಪ್ಪೇನಿದೆ? ಮಿಷೀನು, ಯಾವಾಗ ಏನಾಗುತ್ತೆ ಅಂತ ಯಾರಿಗೆ ಗೊತ್ತು. ಮುಖ ಕೂಡ ತೊಳೀದೆ ಓಡಿ ಬಂದ್ರಿ. ಕಾಫಿ ತಗೊಳ್ಳಿ."

ಅಯ್ಯೋ, ಅಲ್ಲಿಗೆ ಮುಗಿಸಿಬಿಡಬಹುದಿತ್ತು. 'ಹೌದು ಮೇಡಂ, ಮಿಷೀನು' ಅಂದಿದ್ದರೆ ಸಾಕಿತ್ತು. ಅವಳು ನಂಬುತ್ತಿದ್ದಳು. ಕಾಫಿ ಕುಡಿದು, ನಾಳೆ ಫೋನ್ ಮಾಡಿ ಸಮಾಧಾನ ಹೇಳಿ, ಶನಿವಾರ ಕರೆದು, ನಿಧಾನವಾಗಿ ಅವಳ ದುಃಖದ ಪಕ್ಕದಲ್ಲಿ ಜಾಗ ಮಾಡಿಕೊಳ್ಳಬಹುದಿತ್ತು. ಅವನಿಗೆ ಆ ದಾರಿ ಕಣ್ಣೆದುರಿಗೆ ಚೆನ್ನಾಗಿಯೇ ಕಂಡಿತು. ಆದರೆ ಅವಳು 'ನಿಮ್ಮ ತಪ್ಪೇನಿದೆ' ಅಂದ ಮೇಲೆ ಆ ಕಾಫಿ ಮುಟ್ಟಲು ಅವನಿಗೆ ಕೈ ಬರಲಿಲ್ಲ.

"ನನ್ನದೇ ತಪ್ಪು" ಎಂದ. "ಆವತ್ತು ವೈರ್ ಕೀಳಲಿಲ್ಲ. ಮರೆತಿದ್ದಲ್ಲ. ಬೇಕಂತಲೇ ಬಿಟ್ಟೆ."

"ಏನಂದ್ರಿ?"

"ಹನ್ನೆರಡನೇ ತಾರೀಖು ನಿಮ್ಮ ಮದುವೆ ಅಂದ್ಕೊಂಡೆ. ಆಮೇಲೆ ನೀವು ಬರಲ್ಲ ಅಂದ್ಕೊಂಡೆ. ಹಳೇದು ಕೆಟ್ಟಾಗ ಒಂದು ಸಲ ನನ್ನನ್ನ ಕರೀತೀರಿ ಅಂತ..." ಅವನು ಆ ಕೆಂಪು ವೈರನ್ನು ಬೆರಳಿಗೆ ಸುತ್ತಿದ. "ನನಗೆ ನೀವಂದ್ರೆ ಪ್ರಾಣ. ಮೊದಲನೇ ದಿನದಿಂದ. ಹೇಳೋಕೆ ಬರಲಿಲ್ಲ."

ಪೂಂಗೊಡಿ ಅವನನ್ನು ನೋಡಿದಳು. ಕಣ್ಣೀರು ತಾನಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಸಾರ್, ನನಗೆ ಯಾವ ಎಸ್ಎಸ್‌ಡಿ ಬೇಕು ಅಂತ ಮೊದಲನೇ ಶನಿವಾರವೇ ಗೊತ್ತಾಗಿತ್ತು. ನೀವು ಮೂರನ್ನ ಮುಂದೆ ಇಟ್ರಲ್ಲ, ಅಲ್ಲೇ. ಆಮೇಲೆ ನಾಲ್ಕು ವಾರ ಯಾಕೆ ಬಂದೆ ಅಂದ್ಕೊಂಡ್ರಿ? ವಾರಂಟಿ ಕೇಳೋಕಾ?"

ಕದಿರ್ ತಲೆ ಎತ್ತಲಿಲ್ಲ.

"ಈ ಕೆಲಸ ಸಿಗಲಿ ಅಂತ ಕಾಯ್ತಿದ್ದೆ. ಸಿಕ್ಕಿದ ದಿನ ಬಂದು ಮೊದಲು ನಿಮಗೆ ಹೇಳೋದು, ಆಮೇಲೆ ಇನ್ನೊಂದು ಮಾತೂ ನಾನೇ ಹೇಳಿಬಿಡೋದು ಅಂತ. ಅಮ್ಮನಿಗೂ ಹೇಳಿದ್ದೆ." ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನಾನು ಬರಲಿ ಅಂತ ನನ್ನ ಕಂಪ್ಯೂಟರ್ ಕೆಡಿಸಿಟ್ರಿ. ಬಾ ಅಂತ ಒಂದು ಮಾತು ಹೇಳೋಕಾಗಲಿಲ್ವಾ ನಿಮಗೆ?"

"ಇನ್ನೊಂದು ಅವಕಾಶ ಕೊಡಿ ಪೂಂಗೊಡಿ. ಒಂದೇ ಒಂದು."

"ಮರೆತು ಬಿಟ್ಟಿದ್ರೆ ಕೊಡ್ತಿದ್ದೆ. ಪರೀಕ್ಷೆ ಹೋದ್ರೆ ಹೋಗಲಿ, ಬದುಕೋಕೆ ಥೀಸಿಸ್ ಟೈಪ್ ಮಾಡ್ತೀನಿ ಅಂತಿದ್ದೆ. ಆದ್ರೆ ನಾನು ಕೇಳಿದೆ ಸಾರ್. ಎರಡು ಸಲ ಕೇಳಿದೆ. ನನ್ನ ಮುಖ ನೋಡಿ, ಏನೂ ಆಗಲ್ಲ ಅಂದ್ರಿ. ಇನ್ನು ನೀವು ಏನು ಹೇಳಿದ್ರೂ ನನಗೆ ಆ ಮುಖಾನೇ ಕಾಣೋದು."

ಅವಳು ಎದ್ದು ಮುಖ ತೊಳೆದು ಬಂದಳು. ಬಂದು ಅವನೆದುರು ನೆಲದ ಮೇಲೆ ಕೂತಳು.

"ಈಗ ಮಾಡಿದ್ರಲ್ಲ, ಅದನ್ನ ನನಗೆ ಹೇಳಿಕೊಡಿ. ಮೊದಲಿನಿಂದ. ನೀವು ಮುಟ್ಟಬೇಡಿ, ನಾನೇ ಮಾಡ್ತೀನಿ."

ಕದಿರ್ ಹೇಳಿಕೊಟ್ಟ. ಯಾವ ವೈರ್ ಎಲ್ಲಿ, ಯಾವುದನ್ನು ಮೊದಲು ಕೀಳಬೇಕು, ಪೆನ್‌ಡ್ರೈವಿನಿಂದ ಹೇಗೆ ಎಬ್ಬಿಸಬೇಕು, ಏಳದಿದ್ದರೆ ಎಲ್ಲಿ ನೋಡಬೇಕು. ಎಲ್ಲ ಅಳಿಸಿ ಹೊಸದಾಗಿ ಹಾಕುವುದನ್ನೂ ಹೇಳಿಕೊಟ್ಟ. ಥೀಸಿಸ್‌ಗಳನ್ನು ಎರಡು ಕಡೆ ಇಡುವುದನ್ನು ತೋರಿಸಿದ. ಅವಳು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು, ತಪ್ಪಾದರೆ ಅವನು ತಿದ್ದಿದ. ತನ್ನ ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದು ಅವಳ ಮೇಜಿನ ಮೇಲಿಟ್ಟ. ಒಂದನ್ನೂ ಬಚ್ಚಿಡಲಿಲ್ಲ. ಬಚ್ಚಿಟ್ಟಿದ್ದರೆ ಇನ್ನೊಂದು ದಿನಕ್ಕೆ ದಾರಿಯಿರುತ್ತಿತ್ತು ಎಂದು ಅವನಿಗೆ ಗೊತ್ತಿತ್ತು.

ಹನ್ನೊಂದು ಗಂಟೆಯ ಹೊತ್ತಿಗೆ ಅವಳೇ ಎಲ್ಲ ಬಿಚ್ಚಿ, ಜೋಡಿಸಿ, ಬಟನ್ ಒತ್ತಿದಳು. ಕಂಪ್ಯೂಟರ್ ಎದ್ದಿತು.

"ಇನ್ನೇನಾದ್ರೂ ಉಳಿದಿದೆಯಾ ಸಾರ್, ಹೇಳಿಕೊಡೋದು?"

"ಇಲ್ಲ. ಇಷ್ಟೇ."

"ಇನ್ನು ಯಾವತ್ತಾದ್ರೂ ಕೆಟ್ಟರೆ, ನಾನು ಯಾರನ್ನೂ ಕರೀಬೇಕಾಗಿಲ್ಲ ಅಲ್ವಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಕಾಲು ಹಿಡಿಯುತ್ತಿದ್ದನೋ ಏನೋ.

"ಇಲ್ಲ ಮೇಡಂ" ಎಂದ ಕದಿರ್. "ಇನ್ನು ನಿಮಗೆ ಯಾರೂ ಬೇಕಾಗಿಲ್ಲ."

ಅವನು ಬ್ಯಾಗ್ ಎತ್ತಿಕೊಂಡ. ಅವಳು ಬಾಗಿಲ ತನಕ ಬಂದು, ಅವನು ಚಪ್ಪಲಿ ಮೆಟ್ಟುವವರೆಗೆ ನಿಂತಿದ್ದು, ಮೆಲ್ಲಗೆ ಬಾಗಿಲು ಹಾಕಿಕೊಂಡಳು.